ಮುಂದಿನವರ ಗುಂಡಿ

ಹೊಳೆ ದಂಡೇಲಿ ಒಂದು ಆಶ್ರಮ. ಮಾಡಿನ ಮೇಲೆ ಶಿಲುಬೆ, ಸುತ್ತ ಹೊಂಗೆ ಮರ, ಹಿಂದುಗಡೆ ಸತ್ತವರನ್ನ ಮಣ್ಣು ಮಾಡೋ ಜಾಗ.

ಅಲ್ಲಿ ಇನ್ನಾಸಪ್ಪ ಸ್ವಾಮಿಗಳು ಅಂತ ಗುರುಗಳಿದ್ರು. ಅವರ ಗಡ್ಡ ಎಷ್ಟು ಉದ್ದ ಅಂದ್ರೆ, ಬೆಳಗಿನ ಪೂಜೆಗೆ ಗಡ್ಡ ಮೊದಲು ಬಂದು ಕೂರ್ತಿತ್ತು, ಸ್ವಾಮಿಗಳು ಆಮೇಲೆ ಬರ್ತಿದ್ರು.

ಶಿಷ್ಯ ಒಬ್ಬನೇ, ಚೌರಪ್ಪ. ಅಡುಗೆಗೆ ಲೂರ್ದಮ್ಮ. ಅವಳ ಸಾರಿಗೆ ಹಾಕೋ ಖಾರದಲ್ಲಿ ಅರ್ಧ ಮೆಣಸಿನಕಾಯಿದು, ಇನ್ನರ್ಧ ನಾಲಿಗೇದು. ಒರಳು ತಿರುಗಿಸ್ತಾ ಮಾತೆ ಮರಿಯಮ್ಮನ ಹಾಡು ಹೇಳ್ತಿದ್ಲು. ರಾಗ ಒಂದೇ, ಅದೂ ತಪ್ಪು ರಾಗ.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಒಬ್ಬರನ್ನ ಮಣ್ಣು ಮಾಡಿದ ಕೂಡ್ಲೆ, ಕೈ ತೊಳೆಯೋಕೆ ಮುಂಚೆ, ಮುಂದಿನವರಿಗೆ ಗುಂಡಿ ತೋಡಿ ಇಡಬೇಕು.

ಆಶ್ರಮದಲ್ಲೇ ಇದ್ದ ಮುದುಕ ಬ್ರದರ್ ರಾಯಪ್ಪ ತೀರಿಹೋದ್ರು. ಅವರನ್ನ ಮಲಗಿಸಿ, ಚೌರಪ್ಪ ಪಕ್ಕದಲ್ಲೇ ಗುದ್ದಲಿ ಹಾಕಿದ. ಆ ನೆಲ ಎಂಥ ಗಟ್ಟಿ ಅಂದ್ರೆ, ಗುದ್ದಲಿ ಸದ್ದಿಗೆ ಆಚೆ ದಡದ ಜನ ಮಧ್ಯಾಹ್ನದ ಗಂಟೆ ಅಂದ್ಕೊಂಡು ಶಿಲುಬೆ ಗುರುತು ಹಾಕ್ಕೊಂಡ್ರಂತೆ.

ಎದೆಮಟ್ಟ ಅಗೆದು, ಬೆವರು ಒರೆಸ್ಕೊಂಡು ಕೇಳಿದ.

"ಸ್ವಾಮಿ, ಇದು ಯಾರಿಗೆ?"

"ಸರ್ವೇಶ್ವರನಿಗೆ ಗೊತ್ತು."

"ಅಂದ್ರೆ ತೀರ್ಮಾನ ಆಗಿಹೋಗಿದೆ."

"ಆಗಿದೆ."

"ನಾನು ಏನು ಮಾಡಿದ್ರೂ ಬದಲಾಗಲ್ಲ?"

"ಅವನ ತೀರ್ಮಾನ ಬದಲಾಯಿಸೋಕೆ ನೀನ್ಯಾರಪ್ಪ?"

"ಮತ್ತೆ ನಾನ್ಯಾಕೆ ಅಗೀಬೇಕು?"

"ಅವನ ಹತ್ರ ಗುದ್ದಲಿ ಇಲ್ಲ," ಅಂದು ಸ್ವಾಮಿಗಳು ಗಡ್ಡ ಎತ್ಕೊಂಡು ಹೊರಟುಹೋದ್ರು.

ಚೌರಪ್ಪ ಆ ಮಾತಲ್ಲಿ ತನಗೆ ಬೇಕಾದ ಅರ್ಧ ಇಟ್ಕೊಂಡ, ಇನ್ನರ್ಧ ಗುಂಡಿ ಹತ್ರಾನೇ ಬಿಟ್ಟ. ಎಲ್ಲಾ ತೀರ್ಮಾನ ಆಗಿದೆ ಅಂದ್ಮೇಲೆ ಕೈಕಾಲು ಯಾಕೆ ನೋಯಿಸ್ಕೋಬೇಕು?

ಗಂಟೆ ಹೊಡೆಯೋದು ಬಿಟ್ಟ. ಹರಿಗೋಲು ನಡೆಸೋದು ಬಿಟ್ಟ. ಜಪಸರ ಹಿಡ್ಕೊಂಡು ಜಗಲಿ ಮೇಲೆ ಕೂತ.

"ಲೋ ಚೌರಾ," ಅಂದ್ಲು ಲೂರ್ದಮ್ಮ. "ನೀರು ಸೇದಿ ಕೊಡೋ."

"ದೇವರ ಚಿತ್ತ ಇದ್ರೆ ನೀರು ಬರುತ್ತಕ್ಕ."

"ಆಹಾ! ಅನ್ನಾನೂ ಅವನೇ ಕಲೆಸಿ ನಿನ್ ಬಾಯಿಗೆ ಇಡ್ತಾನಾ? ಮೂತಿ ಒರೆಸೋಕೆ ಸ್ವರ್ಗದಿಂದ ಸಮ್ಮನಸ್ಸುಗಳು ರೆಕ್ಕೆ ಬಡ್ಕೊಂಡು ಬರ್ತಾರಾ?"

ಚೌರಪ್ಪ ಕಣ್ಣು ಮುಚ್ಕೊಂಡ.

ಮಾರನೇ ದಿನ ಬೆಳಿಗ್ಗೆ ಗುಂಡಿ ಕಡೆ ಹೋದ. ಎದೆಮಟ್ಟ ಇದ್ದಿದ್ದು ತಲೆ ಮುಳುಗೋ ಅಷ್ಟು ಆಗಿತ್ತು.

ಅಡುಗೆಮನೆಗೆ ಓಡಿದ. "ಅಕ್ಕಾ, ಗುಂಡಿ ನೀನು ತೋಡಿದ್ಯಾ?"

"ನನ್ ಸೊಂಟ ನೋಡೋ! ಒಲೆ ಮುಂದೆ ಬಗ್ಗಿದ್ರೆ ಎತ್ತೋಕೆ ಇಬ್ಬರು ಬೇಕು."

ವಾಪಸ್ ಬಂದು ನೋಡಿದ. ಗುಂಡಿ ಆಳ ಆಗಿತ್ತು. ಅವನು ಮೊದಲು ತೆಗೆದ ಗುಡ್ಡೆ ಬಿಟ್ರೆ ಹೊಸ ಮಣ್ಣು ಮಾತ್ರ ಎಲ್ಲೂ ಇರಲಿಲ್ಲ.

ದೇವರ ಕೆಲಸ ಅಂದ್ಕೊಂಡು ಸುಮ್ಮನಾದ. ಅವನು ಸುಮ್ಮನಾದಷ್ಟೂ ಗುಂಡಿ ಇಳೀತಾ ಹೋಯ್ತು. ಒಂದಿನ ಒಂದು ಕಲ್ಲು ಹಾಕಿ ನೋಡಿದ. ಕಲ್ಲು ಹೋಯ್ತು. ಬಿದ್ದ ಸದ್ದು ಬರಲಿಲ್ಲ.

ಅಷ್ಟರಲ್ಲಿ ಲೂರ್ದಮ್ಮ ಜ್ವರ ಬಂದು ಮಲಗಿದ್ಲು. ಮೈ ಎಷ್ಟು ಸುಡ್ತಿತ್ತು ಅಂದ್ರೆ, ಒಲೆ ಹಚ್ಚದೇನೇ ಅಡುಗೆಮನೆ ಬೆಚ್ಚಗಿತ್ತು. ಸಂಜೆ ಹೊತ್ತಿಗೆ ಮಾತೂ ನಿಂತುಹೋಯ್ತು. ಲೂರ್ದಮ್ಮನ ಮಾತು ನಿಲ್ಲೋದು ಅಂದ್ರೆ ಹೊಳೆ ನಿಂತಂಗೆ.

"ಚೌರಪ್ಪಾ," ಅಂದ್ರು ಸ್ವಾಮಿಗಳು. "ಆಚೆ ದಡದ ಆಸ್ಪತ್ರೆಗೆ ಕರ್ಕೊಂಡು ಹೋಗು. ತಡ ಮಾಡಬೇಡ."

"ಸ್ವಾಮಿ, ಅವಳು ಬದುಕಬೇಕು ಅಂತ ಇದ್ರೆ ಇಲ್ಲೇ ಬದುಕ್ತಾಳೆ. ಇಲ್ಲ ಅಂತ ಇದ್ರೆ ಡಾಕ್ಟರ್ ಏನು ಮಾಡ್ತಾರೆ? ನಾನು ಅವಳಿಗೋಸ್ಕರ ಜಪ ಮಾಡ್ತೀನಿ."

ಸ್ವಾಮಿಗಳು ಅವನ ಮುಖ ನೋಡಿದ್ರು. ಕೋಲು ಊರ್ಕೊಂಡು ಹೊಳೆ ಕಡೆ ಇಳಿದು ಹೋದ್ರು.

ಚೌರಪ್ಪ ಪೀಠದ ಮುಂದೆ ಮೊಣಕಾಲೂರಿದ.

ಜಪಸರದ ಮಣಿ ಒಂದೊಂದೇ ಸರೀತಿತ್ತು. ಹೊರಗೆ ಮಂಜು ಇಳೀತಿತ್ತು. ಆಗ ಹಾಡು ಕೇಳಿಸ್ತು.

ಮರಿಯಮ್ಮನ ಹಾಡು. ಅದೇ ತಪ್ಪು ರಾಗ.

"ಎದ್ದು ಕೂತ್ಲು!" ಅಂತ ಖುಷಿಯಿಂದ ಅಡುಗೆಮನೆಗೆ ಓಡಿದ. ಲೂರ್ದಮ್ಮ ಚಾಪೆ ಮೇಲೆ ಹಂಗೇ ಬಿದ್ದಿದ್ಲು. ತುಟಿ ಒಣಗಿ ಒಂದಕ್ಕೊಂದು ಅಂಟ್ಕೊಂಡಿತ್ತು.

ಹಾಡು ಹಿತ್ತಲಿಂದ ಬರ್ತಿತ್ತು.

ಚೌರಪ್ಪ ಹೋದ. ಹೋಗಬಾರದು ಅಂತ ಕಾಲು ಹೇಳ್ತಿದ್ರೂ ಹೋದ. ಗುಂಡಿ ಬಾಯಿ ಹತ್ರ ಬಗ್ಗಿದ. ಹಾಡು ಒಳಗಿಂದ ಬರ್ತಿತ್ತು, ಯಾರೋ ತಳದಲ್ಲಿ ಕೂತು ಆರಾಮಾಗಿ ಒರಳು ತಿರುಗಿಸ್ತಿರೋ ಹಂಗೆ.

ಅಲ್ಲಿಂದ ಬಿದ್ದಂಬೀಳ ಹೊಳೆಗೆ ಓಡಿದ.

ಅಲ್ಲಿ ಇನ್ನಾಸಪ್ಪ ಸ್ವಾಮಿಗಳು ಹರಿಗೋಲಲ್ಲಿ ಕೂತಿದ್ರು. ಹುಟ್ಟು ಹಾಕ್ತಿದ್ರು. ಗೊತ್ತಿಲ್ಲದವರು ಹುಟ್ಟು ಹಾಕಿದ್ರೆ ಹರಿಗೋಲು ಮುಂದೆ ಹೋಗಲ್ಲ, ನಿಂತಲ್ಲೇ ಬುಗುರಿ ಥರ ತಿರುಗುತ್ತೆ. ಸ್ವಾಮಿಗಳು ದಡದ ಹತ್ರಾನೇ ಗಿರಗಿರ ತಿರುಗ್ತಿದ್ರು, ಗಡ್ಡ ಕತ್ತಿಗೆ ಸುತ್ಕೊಂಡಿತ್ತು.

"ಏನ್ ಮಾಡ್ತಿದ್ದೀರಿ ಸ್ವಾಮಿ?"

"ಕಲೀತಿದ್ದೀನಿ ಕಣಪ್ಪ. ಚೆನ್ನಾಗಿ ಬಂದ್ಮೇಲೆ ಲೂರ್ದಮ್ಮನ್ನ ಕರ್ಕೊಂಡು ಹೋಗ್ತೀನಿ."

"ಸ್ವಾಮಿ, ಅವಳ ತೀರ್ಮಾನ ಆಗಿಬಿಟ್ಟಿದೆ! ಗುಂಡಿ ಒಳಗೆ ಹಾಡ್ತಿದ್ದಾಳೆ. ನನ್ ಕಿವಿಯಾರೆ ಕೇಳ್ದೆ."

"ಇರಬಹುದು."

"ಇನ್ನು ಹೋಗಿ ಏನು ಪ್ರಯೋಜನ?"

ಸ್ವಾಮಿಗಳು ಹುಟ್ಟನ್ನ ಅವನ ಕಡೆ ಚಾಚಿದ್ರು.

"ತೀರ್ಮಾನ ಅವನದು. ಇದು ನಿನ್ನದು. ಹಿಡ್ಕೋ."

ಚೌರಪ್ಪ ಹಿಡ್ಕೊಂಡ.

ಲೂರ್ದಮ್ಮನ್ನ ಚಾಪೆ ಸಮೇತ ಎತ್ಕೊಂಡು ಬಂದು ಹರಿಗೋಲಲ್ಲಿ ಮಲಗಿಸಿದ. ಹೊರಟ. ಮಂಜು ಎಷ್ಟು ದಟ್ಟವಾಗಿತ್ತು ಅಂದ್ರೆ ತನ್ನ ಕೈ ತನಗೇ ಗುರುತು ಸಿಗ್ತಿರಲಿಲ್ಲ.

ನಡುಹೊಳೇಲಿ ತೋಳು ಸೋತು ಒಂದು ಗಳಿಗೆ ಹುಟ್ಟು ಮಡಿಲಲ್ಲಿ ಇಟ್ಕೊಂಡ.

ಧಪ್.

ಹಿಂದಿನ ದಡದಿಂದ. ಗುದ್ದಲಿ ಮಣ್ಣಿಗೆ ಬೀಳೋ ಸದ್ದು.

ಬೆಚ್ಚಿ ಹುಟ್ಟು ಹಾಕಿದ. ಸದ್ದು ನಿಂತುಹೋಯ್ತು.

ಸ್ವಲ್ಪ ದೂರ ಹೋಗಿ ಮತ್ತೆ ಕೈ ಬಿಟ್ಟ.

ಧಪ್. ಧಪ್.

ಹುಟ್ಟು ಹಾಕಿದ. ನಿಂತುಹೋಯ್ತು.

ಲೂರ್ದಮ್ಮ ಕಣ್ಣು ಬಿಡದೇನೇ ಗೊಣಗಿದ್ಲು. "ಯಾರೋ ಅಗೀತಿದ್ದಾರಲ್ಲೋ ಚೌರಾ."

"ಯಾರೂ ಇಲ್ಲಕ್ಕ."

"ಹಂಗಾದ್ರೆ ನೀನು ಕೈ ನಿಲ್ಲಿಸಬೇಡ."

ಅವನು ನಿಲ್ಲಿಸಲಿಲ್ಲ. ಅಂಗೈ ಸುಲಿದು ಹುಟ್ಟಿನ ಹಿಡಿ ರಕ್ತದಲ್ಲಿ ಒದ್ದೆಯಾಯ್ತು. ತುಟಿ ಮಾತ್ರ "ಉಳಿಸಪ್ಪಾ, ಉಳಿಸಪ್ಪಾ" ಅಂತಿತ್ತು. ಅಂಥ ಜಪ ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಆಸ್ಪತ್ರೇಲಿ ಕನ್ಯಾಸ್ತ್ರೀ ಒಬ್ಬರು ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಅವನ ಕಡೆ ತಿರುಗಿದ್ರು.

"ಜ್ವರ ತಲೆಗೆ ಏರೋ ತನಕ ಏನ್ ಮಾಡ್ತಿದ್ರಿ?"

"ಜಪ ಮಾಡ್ತಿದ್ದೆ ಸಿಸ್ಟರ್."

"ಹರಿಗೋಲಲ್ಲಿ ಕೂತು ಮಾಡಿದ್ರೆ ದೇವರಿಗೆ ಕೇಳಿಸ್ತಿರಲಿಲ್ವಾ?"

ಬೆಳಗಾಗೋ ಹೊತ್ತಿಗೆ ಲೂರ್ದಮ್ಮ ಕಣ್ಣು ಬಿಟ್ಲು. ಆಸ್ಪತ್ರೆ ಗಂಜಿ ಒಂದು ಚಮಚ ಬಾಯಿಗೆ ಇಟ್ಕೊಂಡು, ಮಾಡಿದೋಳ ಕೈ ಮುರಿಯಾ ಅಂದ್ಲು. ಬದುಕಿದ್ಲು ಅಂತ ಎಲ್ಲರಿಗೂ ಗೊತ್ತಾಯ್ತು.

ಚೌರಪ್ಪ ಒಬ್ಬನೇ ವಾಪಸ್ ಬಂದ. ನೇರ ಗುಂಡಿ ಹತ್ರ ಹೋದ. ಎದೆಮಟ್ಟ ಇತ್ತು. ಅವನು ಮೊದಲು ತೋಡಿದ್ದಷ್ಟೇ. ತಳದಲ್ಲಿ ಒಂದು ಕಲ್ಲು ಬಿದ್ದಿತ್ತು.

ಸ್ವಾಮಿಗಳು ಅಲ್ಲೇ ಮಣ್ಣಿನ ಗುಡ್ಡೆ ಮೇಲೆ ಕೂತಿದ್ರು.

"ಸ್ವಾಮಿ, ಅವಳನ್ನ ಉಳಿಸಿದ್ದು ಯಾರು? ದೇವರಾ, ನಾನಾ?"

"ದೇವರು."

"ನಾನು ಹೋಗದೇ ಇದ್ದಿದ್ರೆ?"

"ಇನ್ಯಾರನ್ನಾದ್ರೂ ಕಳಿಸಿ ಉಳಿಸ್ತಿದ್ದ. ಅವನಿಗೆ ಜನಕ್ಕೇನು ಬರವಾ? ನನಗೂ ಹುಟ್ಟು ಹಾಕೋದು ಇನ್ನೇನು ಬಂದೇಬಿಡ್ತಿತ್ತು."

ಚೌರಪ್ಪ ಬಗ್ಗಿ ತಳದ ಕಲ್ಲನ್ನ ಇನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಹೆಂಗೂ ಅವಳು ಬದುಕೋಳೇ ಆಗಿದ್ರೆ, ಗುಂಡಿ ಯಾಕೆ ಸ್ವಾಮಿ ಅಷ್ಟು ಆಳ ಆಗ್ತಿತ್ತು?"

ಸ್ವಾಮಿಗಳು ಅವನ ಭುಜ ಹಿಡ್ಕೊಂಡು ಎದ್ರು.

"ಸತ್ತವರಿಗೆ ಅಷ್ಟು ಆಳ ಬೇಕಾಗಲ್ಲ ಕಣಪ್ಪ. ಬದುಕಿದ್ದೂ ಕೈಕಟ್ಟಿ ಕೂತವರಿಗೆ ಬೇಕು."