ಬೂದನ ಬಾಲ ಬಾಗಿದ್ದು ಹೇಗೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳು ಆಗಷ್ಟೇ ಎದ್ದು ಕೂತು ಮೈ ಆರಿಸಿಕೊಳ್ಳುತ್ತಿದ್ದವು. ಯಾವ ಕಡೆಗೆ ಹರಿಯಬೇಕು ಅನ್ನೋದು ಹೊಳೆಗೆ ಆಗತಾನೇ ಗೊತ್ತಾಗಿತ್ತು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಎತ್ತು ಕೋಳಿ ಎಲ್ಲವೂ ಮಾತಾಡುತ್ತಿದ್ದವು. ಮನುಷ್ಯರೂ ಮಾತಾಡುತ್ತಿದ್ದರು ಬಿಡು, ಅವರದು ಆಗಲೂ ಸ್ವಲ್ಪ ಜಾಸ್ತಿಯೇ.

ಆ ಕಾಲದಲ್ಲಿ ನಾಯಿಯ ಬಾಲ ನೆಟ್ಟಗಿತ್ತು. ಹೌದು ಮಗಾ, ನೆಟ್ಟಗೆ, ಪೊರಕೆ ಕಡ್ಡಿಯ ಹಾಗೆ. ನಗಬೇಡ. ಪೂರ್ತಿ ಕೇಳು, ಆಮೇಲೆ ನಗು ಬಂದರೆ ನಗುವಿಯಂತೆ.

ಹೊಳೆಯ ದಂಡೆಯಲ್ಲಿ ಹರಿಗೋಲು ಹೆಣೆಯುವವರ ಹಟ್ಟಿಯೊಂದಿತ್ತು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಹೊರಮೈಗೆ ತೊಗಲು ಹೊದಿಸಿ, ನೀರಿಗೆ ಬಿಟ್ಟರೆ ಅದೇ ಹರಿಗೋಲು. ಆ ಹಟ್ಟಿಯಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಅವಳ ಗಂಡ ಗಾದಿಲಿಂಗ. ಅವರ ಮನೆಯಲ್ಲೊಂದು ನಾಯಿ, ಬೂದಿ ಬಣ್ಣದ್ದು, ಅದಕ್ಕೇ ಹೆಸರು ಬೂದ.

ಪ್ರಾಣಿ ಸಾಕುವುದಕ್ಕೆ ಆಗ ಒಂದು ಕಟ್ಟಳೆ ಇತ್ತು. ಕಾಡಿನಿಂದ ಮರಿಯೊಂದು ಬಂದರೆ ಸುಮ್ಮನೆ ಎತ್ತಿಕೊಂಡು ಮುದ್ದು ಮಾಡುವ ಹಾಗಿರಲಿಲ್ಲ. ನಿನ್ನ ಸ್ವಂತ ತಟ್ಟೆಯಿಂದ ಅದಕ್ಕೆ ಮೊದಲ ಕೈತುತ್ತು ಕೊಡಬೇಕು. ಕೊಡುವಾಗ "ನೀನಿರೋ ತನಕ ನಾನಿದ್ದೀನಿ" ಅಂತ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದವರು ಅದಕ್ಕೆ ಅವ್ವನೋ ಅಪ್ಪನೋ ಆದ ಹಾಗೆ. ಬೂದ ಅಂಗೈಯಗಲದ ಮರಿಯಾಗಿದ್ದಾಗ ಸಂಕವ್ವ ಮುದ್ದೆ ಮುರಿದು ಅವನ ಬಾಯಿಗಿಟ್ಟು ಆ ಮಾತು ಹೇಳಿದ್ದಳು.

ಮರಿ ಇದ್ದಾಗ ಎಲ್ಲರಿಗೂ ಮುದ್ದು. ಮಾತು ಕೊಡುವುದು ಆಗ ಸಲೀಸು.

ಕಟ್ಟಳೆ ಇದ್ದ ಕಡೆ ಅದನ್ನು ತಪ್ಪಿಸಿಕೊಳ್ಳುವ ಕಳ್ಳದಾರಿಯೂ ಇರುತ್ತದಲ್ಲ. ಆ ಹಟ್ಟಿಯವರೂ ಒಂದು ದಾರಿ ಕಂಡುಕೊಂಡಿದ್ದರು. ಎತ್ತು ಮುದಿಯಾಯಿತೋ, ಕೋಳಿ ಮೊಟ್ಟೆ ಇಡುವುದು ನಿಲ್ಲಿಸಿತೋ, ಬೆಕ್ಕಿಗೆ ಇಲಿ ಹಿಡಿಯಲು ಆಗಲಿಲ್ಲವೋ, ಹರಿಗೋಲಿಗೆ ಹತ್ತಿಸಿ ಹೊಳೆಯ ಆಚೆ ದಡದಲ್ಲಿ ಇಳಿಸಿ ಬರುವುದು. ಕೈತುತ್ತು ಕೊಟ್ಟವರೇ ಇಳಿಸಬೇಕು, ಇಳಿಸಿ ಹಿಂದೆ ತಿರುಗಿ ನೋಡದೆ ಬರಬೇಕು. ಹೊಳೆಯ ನೀರು ನಡುವೆ ಹರಿದರೆ ಕೊಟ್ಟ ಮಾತು ತೊಳೆದುಹೋಗುತ್ತದೆ ಅಂತ ಅವರ ನಂಬಿಕೆ. ಯಾರಾದರೂ ಅಯ್ಯೋ ಅಂದರೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತ ಗಾದೆ ಬೇರೆ ಹೇಳುತ್ತಿದ್ದರು. ಆ ದೇವರು ಅದನ್ನು ನೋಡಿಕೋ ಅಂತ ಕೊಟ್ಟದ್ದು ಯಾರ ಕೈಗೆ ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಬೂದನಿಗೂ ವಯಸ್ಸಾಯಿತು. ಹರಿಗೋಲಿಗೆ ಹೊದಿಸುವ ತೊಗಲನ್ನು ನೆನೆಹಾಕಿ ಹರವಿದರೆ ನರಿಗಳು ಎಳೆದುಕೊಂಡು ಹೋಗುತ್ತವೆ. ಆ ತೊಗಲು ಕಾಯುವುದು ಬೂದನ ಕೆಲಸ. ಎಷ್ಟೋ ವರ್ಷ ಒಂದು ಚೂರು ತೊಗಲು ಹೋಗದ ಹಾಗೆ ಕಾದಿದ್ದ. ಈಗ ಕಣ್ಣಿಗೆ ಪೊರೆ ಬಂತು, ಹಿಂಗಾಲು ಸೋತವು. ಒಂದು ದಿನ ಹಾಡಹಗಲೇ ಅವನ ಮೂಗಿನ ಮುಂದಿನಿಂದ ನರಿ ತೊಗಲು ಎಳೆದುಕೊಂಡು ಹೋಯಿತು.

ಗಾದಿಲಿಂಗ ಕೆಟ್ಟವನೇನಲ್ಲ ಪಾಪ. ಆದರೆ ಕಷ್ಟಪಟ್ಟು ಹದ ಮಾಡಿದ ತೊಗಲು ಹೋದರೆ ಯಾರಿಗೆ ಉರಿಯುವುದಿಲ್ಲ? ಇನ್ನು ಇದರಿಂದ ಕಾವಲು ಆಗದು, ಹೊಸ ಮರಿ ತರೋಣ, ಇದನ್ನು ಆಚೆ ದಡಕ್ಕೆ ಬಿಟ್ಟು ಬಾ ಅಂತ ಹೆಂಡತಿಗೆ ಹೇಳಿದ. ಸಂಕವ್ವ ಇಲ್ಲ ಅಂದಳು. ಗಾದಿಲಿಂಗ ಮತ್ತೆ ಹೇಳಿದ. ಅಕ್ಕಪಕ್ಕದವರೂ ಬಂದು, ನಾವೆಲ್ಲ ಬಿಟ್ಟು ಬಂದಿಲ್ಲವಾ, ನಿನ್ನದೊಂದೇನು ಚಿನ್ನದ ನಾಯಿಯಾ ಅಂತ ಛೇಡಿಸಿದರು.

ಕೊನೆಗೆ ಅವಳು ಒಪ್ಪಿದಳು. ಹೂಂ, ಒಪ್ಪಿದಳು. ಇದನ್ನು ಬಚ್ಚಿಟ್ಟು ಕಥೆ ಹೇಳಿದರೆ ಕಥೆ ಹೊಟ್ಟೆಯೊಳಗೇ ಕೊಳೆಯುತ್ತದೆ.

ಬೂದ ಖುಷಿಯಿಂದಲೇ ಹರಿಗೋಲು ಹತ್ತಿದ. ಅವ್ವನ ಜೊತೆ ಹೋಗುವುದೆಂದರೆ ಅವನಿಗೆ ಜಾತ್ರೆ ಇದ್ದ ಹಾಗೆ. ಆಚೆ ದಡದ ಹೊಂಗೆ ಮರದ ಕೆಳಗೆ ಅವನನ್ನು ಕೂರಿಸಿ ಸಂಕವ್ವ, "ಇಲ್ಲೇ ಕೂತಿರು, ಬಂದೆ" ಅಂದಳು. ಅಂದು ಹಿಂದೆ ತಿರುಗಿ ನೋಡದೆ ಹರಿಗೋಲು ಹತ್ತಿದಳು. ಬೂದ ಬೊಗಳಲಿಲ್ಲ. ಬೊಗಳಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಮಾರನೆಯ ದಿನ ಊಟಕ್ಕೆ ಕೂತಳು. ಮುದ್ದೆ ಮುರಿದ ಕೈ ತಾನಾಗಿ ಎಡಗಡೆಗೆ ಹೋಯಿತು. ಬೂದ ಕೂರುತ್ತಿದ್ದ ಜಾಗ ಅದು. ಅಲ್ಲಿ ಬರೀ ನೆಲ. ತುತ್ತು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ತಟ್ಟೆ ಬಿಟ್ಟು ಎದ್ದು ಹೊಳೆಯ ದಂಡೆಗೆ ಬಂದಳು.

ಆಚೆ ದಡದಿಂದ ಗಾಳಿ ಬರುತ್ತಿತ್ತು. ನನ್ನ ಬೂದನನ್ನು ಕಂಡೆಯಾ ಅಂತ ಕೇಳಿದಳು.

"ಕಂಡೆ" ಅಂದಿತು ಗಾಳಿ. "ನೀನು ಕೂರಿಸಿದಲ್ಲೇ ಕೂತಿದ್ದಾನೆ. ಹೊಂಗೆಯ ನೆರಳು ಸರೀತು, ಅವನು ಸರೀಲಿಲ್ಲ. ಬಿಸಿಲಲ್ಲೇ ಇದ್ದಾನೆ. ನೀರು ಕುಡಿಯೋಕೂ ಎದ್ದಿಲ್ಲ."

ಸಂಕವ್ವ ಇನ್ನು ಅಲ್ಲಿ ನಿಲ್ಲಲಿಲ್ಲ. ನೇರ ಮನೆಗೆ ಬಂದು ಹರಿಗೋಲು ಬೇಕು ಅಂದಳು. ಗಾದಿಲಿಂಗ ಅಡ್ಡಡ್ಡ ತಲೆಯಾಡಿಸಿದ. ಬಿಟ್ಟು ಬಂದ ಪ್ರಾಣಿಯನ್ನು ಹರಿಗೋಲಿಗೆ ಹತ್ತಿಸಿದರೆ ಆ ಹರಿಗೋಲು ಮತ್ತೆ ತೇಲುವುದಿಲ್ಲ ಅಂತ ಹಿರಿಯರು ಹೇಳಿದ್ದಾರೆ, ಹಟ್ಟಿಯಲ್ಲಿ ಯಾರೂ ಕೊಡುವುದಿಲ್ಲ, ಮೇಲ್ಗಡೆ ಗುಡ್ಡದಲ್ಲಿ ಮಳೆಯಾಗಿ ಹೊಳೆ ಬೇರೆ ತುಂಬುತ್ತಿದೆ, ಸುಮ್ಮನಿರು ಅಂದ.

"ಹರಿಗೋಲು ಬೇಡ ಬಿಡು" ಅಂದಳು ಸಂಕವ್ವ. "ಕೈತುತ್ತು ಕೊಟ್ಟಿದ್ದು ನಾನು. ತರೋದೂ ನಾನೇ."

ಮಾಡಿನಲ್ಲಿ ನೇತುಹಾಕಿದ್ದ ಎರಡು ಒಣಗಿದ ಸೋರೆ ಬುರುಡೆ ಇಳಿಸಿದಳು. ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಮನುಷ್ಯ ಮುಳುಗುವುದಿಲ್ಲ. ತನಗೊಂದು, ಬೂದನಿಗೊಂದು. ಸೀರೆ ಕಚ್ಚೆ ಹಾಕಿ ಬಿಗಿದು ನೀರಿಗೆ ಇಳಿದಳು.

ನೀರು ಮೊಣಕಾಲಿಗೆ ಬಂದಾಗ ಹೊಳೆಗೆ ಕೈಮುಗಿದಳು. ಹೊಳೆಯವ್ವಾ, ನೀನು ತೊಳೆದ ಮಾತನ್ನು ಹಿಂದಕ್ಕೆ ಕೊಡು ಅಂತ ಬೇಡಿಕೊಂಡಳು.

ಹೊಳೆಗೆ ಸಿಟ್ಟು ಬಂತು. "ನಾನು ಬಟ್ಟೆಯ ಕೊಳೆ ತೊಳೀತೀನಿ, ದನದ ಮೈ ತೊಳೀತೀನಿ. ಆಡಿದ ಮಾತು ತೊಳೆಯೋ ಕೆಲಸ ನನಗೆ ಯಾರು ಹಚ್ಚಿದರು? ಮಾಡೋದೆಲ್ಲ ನೀವು ಮಾಡಿ ನನ್ನ ಹೆಸರು ಹೇಳ್ತೀರಿ. ನಿನ್ನ ಮಾತು ನಿನ್ನ ಹತ್ರಾನೇ ಇದೆ, ಹೋಗು. ಆದರೆ ಒಂದು ತಿಳ್ಕೋ. ನನಗೆ ಹರಿಯೋದು ಗೊತ್ತು, ನಿಲ್ಲೋದು ಗೊತ್ತಿಲ್ಲ. ನಿನಗೋಸ್ಕರ ನಿಲ್ಲೋಳಲ್ಲ ನಾನು."

ನಿಲ್ಲಬೇಡ ಅಂದಳು ಸಂಕವ್ವ. ಈಜಿದಳು. ಕೈ ಸೋತರೂ ಈಜಿದಳು. ನೀರು ಕುಡಿದು ಕೆಮ್ಮುತ್ತ ಈಜಿದಳು. ಆಚೆ ದಡ ಮುಟ್ಟಿದಳು.

ಅಲ್ಲಿ ಏನು ಕಂಡಳು ಗೊತ್ತಾ? ದಡದ ಉದ್ದಕ್ಕೂ ಹಟ್ಟಿಯ ಪ್ರಾಣಿಗಳು. ಕೊಂಬು ಮುರಿದ ಎತ್ತು, ರೆಕ್ಕೆ ಜೋತುಬಿದ್ದ ಕೋಳಿ, ಎಲುಬು ಕಾಣುವ ಬೆಕ್ಕು. ಎಲ್ಲವೂ ಈಚೆ ದಡದ ಕಡೆಗೇ ಮುಖ ಮಾಡಿ ಕೂತಿದ್ದವು. ನಮ್ಮವರೂ ಬಂದರಾ ಅಂತ ಎತ್ತು ಕೇಳಿತು. ಸಂಕವ್ವ ನಾಚಿಕೆಯಿಂದ ತಲೆತಗ್ಗಿಸಿ, ಹೋಗಿ ಹೇಳುತ್ತೇನೆ ಅಂದಳು.

ಹೊಂಗೆ ಮರದ ಹತ್ತಿರ, ಸುಡುವ ಬಿಸಿಲಲ್ಲಿ, ಬೂದ. ಪೊರೆ ಬಂದ ಕಣ್ಣಿಗೆ ಅವಳು ಕಾಣಲಿಲ್ಲ. ಮೂಗು ಅರಳಿತು. ನೆಟ್ಟನೆ ಬಾಲ ನೆಲಕ್ಕೆ ಪಟಪಟ ಬಡಿಯಿತು.

"ಬಂದೆ ಅಂದಿದ್ದೆಯಲ್ಲ ಅವ್ವಾ" ಅಂದ ಬೂದ. "ಅದಕ್ಕೇ ಎಲ್ಲೂ ಹೋಗಲಿಲ್ಲ."

ಸಂಕವ್ವ ಅವನ ಕೊರಳು ತಬ್ಬಿಕೊಂಡು ಅತ್ತಳು, ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು. ಅಳುತ್ತ ಕೂತರೆ ಹೊಳೆ ಇಳಿಯುತ್ತದೆಯಾ? ಬೊಗಸೆಯಲ್ಲಿ ನೀರು ತಂದು ಕುಡಿಸಿದಳು, ಸೋರೆ ಬುರುಡೆಯನ್ನು ಅವನ ಎದೆಗೆ ಕಟ್ಟಿದಳು, ಏಳು ಮನೆಗೆ ಹೋಗೋಣ ಅಂದಳು.

ಅರ್ಧ ಹೊಳೆಯವರೆಗೆ ಚೆನ್ನಾಗಿಯೇ ಬಂದರು. ಬೂದ ಮುಂಗಾಲು ಬಡಿಯುತ್ತ ಮುಂದೆ, ಸಂಕವ್ವ ಹಿಂದೆ. ನಡುಹೊಳೆಯಲ್ಲಿ ಒಂದು ಬಂಡೆ ಇತ್ತು. ನೀರು ಬೂದನನ್ನು ಎತ್ತಿ ಅದಕ್ಕೆ ಬಡಿಯಿತು. ಬುರುಡೆ ಒಡೆದು ಹೋಳಾಯಿತು. ಸೋತ ಹಿಂಗಾಲು ಕೆಳಗೆ ಇಳಿದವು, ತಲೆ ಮುಳುಗಿತು.

ಸಂಕವ್ವ ಕೈ ಚಾಚಿದಳು. ಸಿಕ್ಕಿದ್ದು ಬಾಲ. ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡು ಬಿಗಿಯಾಗಿ ಹಿಡಿದಳು.

ಹೊಳೆ ಒಂದು ಕಡೆಗೆ ಎಳೆಯಿತು, ಅವಳು ಇನ್ನೊಂದು ಕಡೆಗೆ ಎಳೆದಳು. ಬಿಟ್ಟುಬಿಡು, ಒಂದೇ ಬುರುಡೆಗೆ ಇಬ್ಬರ ಭಾರ ತಡೆಯಲ್ಲ, ನಿನ್ನನ್ನು ಯಾರೂ ಬೈಯಲ್ಲ ಅಂತ ಹೊಳೆ ಹೇಳಿತು. ಬಿಡಲ್ಲ ಅಂದಳು. ಗಂಡ ದಡದಲ್ಲಿ ಕೂಗುತ್ತಿದ್ದಾನೆ, ಬಿಡು ಅಂತ ಗಾಳಿ ಹೇಳಿತು. ಬಿಡಲ್ಲ ಅಂದಳು.

ಆಗ ಬೂದನೇ ತಲೆಯೆತ್ತಿದ. "ಬಿಡು ಅವ್ವಾ. ನಾನು ಮುದುಕ ಆದೆ. ನನ್ನಿಂದ ಇನ್ನೇನೂ ಆಗಲ್ಲ."

"ಮುಪ್ಪು ಬಂದಿರೋದು ನಿನಗೆ" ಅಂದಳು ಸಂಕವ್ವ. "ನನ್ನ ಮಾತಿಗೆ ಬಂದಿಲ್ಲ. ಬಾಯಿ ಮುಚ್ಚಿಕೊಂಡು ಮುಂಗಾಲು ಬಡಿ."

ಬೂದ ಬಾಯಿ ಮುಚ್ಚಿಕೊಂಡು ಮುಂಗಾಲು ಬಡಿದ. ಅವಳು ಒಂದು ಕೈಯಲ್ಲಿ ಈಜಿದಳು. ಇನ್ನೊಂದು ಕೈ ಮರಗಟ್ಟಿತು, ಉಗುರು ನೀಲಿಯಾಯಿತು, ಮುಷ್ಟಿ ಮಾತ್ರ ಸಡಿಲವಾಗಲಿಲ್ಲ. ಹೊಳೆ ಅವರನ್ನು ಹಟ್ಟಿಯಿಂದ ಬಹಳ ಕೆಳಕ್ಕೆ ಕೊಚ್ಚಿಕೊಂಡು ಹೋಯಿತು. ದಂಡೆಯ ಮೇಲೆ ಗಾದಿಲಿಂಗ ಕಲ್ಲುಮುಳ್ಳು ನೋಡದೆ ಅವರ ಜೊತೆಜೊತೆಗೇ ಓಡಿದ. ನೀರು ತಿರುಗುವ ಕಡೆ ಎದೆಮಟ್ಟ ಇಳಿದು, ಹರಿಗೋಲಿನ ಹುಟ್ಟನ್ನು ಚಾಚಿದ. ಸಂಕವ್ವ ಬಿಡುವಿದ್ದ ಕೈಯಲ್ಲಿ ಹುಟ್ಟು ಹಿಡಿದಳು. ಗಾದಿಲಿಂಗ ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದ.

ದಡ ಮುಟ್ಟಿದರೂ ಅವಳ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚು ಅಂದರೂ ಬೆರಳು ಕೇಳಲೊಲ್ಲವು. ಗಾದಿಲಿಂಗ ಪಕ್ಕದಲ್ಲಿ ಕೂತು, ಉಸಿರಿನಿಂದ ಬಿಸಿ ಮಾಡಿ, ಒಂದೊಂದೇ ಬೆರಳು ಬಿಡಿಸಿದ. ತಪ್ಪಾಯಿತು ಅಂತ ಹೆಂಡತಿಗೆ ಹೇಳಿದ. ಅವಳು, ನನಗೆ ಹೇಳಬೇಡ, ಅವನಿಗೆ ಹೇಳು ಅಂದಳು. ಗಾದಿಲಿಂಗ ನಾಯಿಗೂ ತಪ್ಪಾಯಿತು ಅಂದ.

ಮುಷ್ಟಿ ಬಿಚ್ಚಿದಾಗ ಬಾಲ ನೆಟ್ಟಗಾಗಲಿಲ್ಲ. ಅವಳ ಕೈಗೆ ಸುತ್ತಿಕೊಂಡಿದ್ದ ಹಾಗೇ ಬಾಗಿ ನಿಂತಿತ್ತು. ಗಾದಿಲಿಂಗ ಎಳ್ಳೆಣ್ಣೆ ಹಚ್ಚಿ ನೀವಿದ, ಆಗಲಿಲ್ಲ. ಬಿದಿರಿನ ಕೆಲಸದವನಲ್ಲವಾ, ಒಂದು ಬಿದಿರ ನಳಿಗೆ ಮಾಡಿ ಬಾಲವನ್ನು ಅದರೊಳಗೆ ತೂರಿಸಿ ಕಟ್ಟಿದ. ನಳಿಗೆ ತೆಗೆದ ಕೂಡಲೆ ಬಾಲ ಮತ್ತೆ ಬಾಗಿತು. ಬೂದ ಸಾಕು ಬಿಡಪ್ಪಾ, ನನಗಿದೇ ಚೆಂದ ಅಂದ.

ಸಂಕವ್ವ ಒದ್ದೆ ಸೀರೆಯಲ್ಲೇ ಮನೆಮನೆಗೂ ಹೋದಳು. ನಿಮ್ಮ ಎತ್ತು ಕೇಳಿತು, ನಿಮ್ಮ ಕೋಳಿ ದಾರಿ ನೋಡುತ್ತಿದೆ ಅಂತ ಬಾಗಿಲಲ್ಲಿ ನಿಂತು ಹೇಳಿದಳು. ಕೆಲವರು ಕಣ್ಣು ತಪ್ಪಿಸಿದರು. ಕೆಲವರು ಹರಿಗೋಲು ಎತ್ತಿಕೊಂಡು ಹೊರಟರು. ಬಿಟ್ಟು ಬಂದ ಪ್ರಾಣಿ ಹತ್ತಿಸಿದರೆ ಮುಳುಗುತ್ತದೆ ಅಂದಿದ್ದ ಹರಿಗೋಲು ಎತ್ತನ್ನೂ ಹೊತ್ತು ತೇಲಿತು. ಎಲ್ಲರೂ ಹೋಗಿ ಎಲ್ಲವನ್ನೂ ತಂದರು ಅಂತ ನಾನು ಸುಳ್ಳು ಹೇಳಲಾರೆ. ಬೆಕ್ಕಿನ ಮನೆಯವರು ಹೋಗಲಿಲ್ಲ. ಅದನ್ನೂ ಸಂಕವ್ವನೇ ತಂದಳು.

ಬೂದ ಆಮೇಲೆ ತೊಗಲು ಕಾಯಲಿಲ್ಲ. ಸಂಕವ್ವನ ಎಡಗಡೆ ಕೂತು ಉಂಡ, ಬಿಸಿಲು ಕಾಯಿಸಿದ, ಅವಳ ತೊಡೆಯ ಮೇಲೇ ಕಣ್ಣುಮುಚ್ಚಿದ. ಆ ಮಾತು ಅಲ್ಲಿಗೆ ಪೂರ್ತಿಯಾಯಿತು.

ಅವನ ಬಾಲದ ಸುದ್ದಿಯನ್ನು ಗಾಳಿ ಊರೂರಿಗೆ ಒಯ್ದಿತು. ಕೇಳಿದ ನಾಯಿಗಳೆಲ್ಲ ಯೋಚನೆ ಮಾಡಿದವು. ನೆಟ್ಟಗಿನ ಬಾಲ ಕೈಗೆ ಜಾರುತ್ತದೆ, ಬಾಗಿದ ಬಾಲವಾದರೆ ಹಿಡಿಯಲು ಸುಲಭ, ನಮ್ಮದೂ ಹಾಗೇ ಇರಲಿ ಅಂತ ಒಂದೊಂದೂ ಬಾಲ ಬಾಗಿಸಿಕೊಂಡವು. ಅವುಗಳ ಮರಿಗಳಿಗೂ ಹಾಗೇ ಬಂತು.

ನಾಯಿಬಾಲ ಯಾವತ್ತಿದ್ದರೂ ಡೊಂಕು ಅಂತ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನೀನು ಮಾತ್ರ ಬೀದಿಗೆ ಹೋದಾಗ ನೋಡು ಮಗಾ: ಯಾರೂ ಇಲ್ಲದೆ ಒಂಟಿಯಾಗಿ ಅಲೆಯುವ ನಾಯಿಯ ಬಾಲವೂ ಇವತ್ತಿಗೂ ಬಾಗಿಯೇ ಇದೆ, ಒಂದು ಕೈ ಹಿಡಿಯುವಷ್ಟು ಜಾಗ ಬಿಟ್ಟುಕೊಂಡು.