ಕುರ್ಚಿ ಕೇಳಿದ ಧ್ವನಿಮತ

ಕೆರಿಬಿಯನ್ ದ್ವೀಪವೊಂದರ ರಾಜಧಾನಿಯಲ್ಲಿರುವ ಹಳೆಯ ಸಂಸತ್ ಭವನವನ್ನು ನೋಡಲು ಕಡಲ ದಂಡೆಯಿಂದ ಏಡಿಯೊಂದು ಬಂತು. ಸದನ ಇನ್ನೂ ಖಾಲಿಯಿತ್ತು. ಸಭಾಧ್ಯಕ್ಷರ ಕುರ್ಚಿಯ ಕೆಳಗೆ ಮರದ ಹುಡಿ ಉದುರಿದ್ದನ್ನು ಕಂಡು ಏಡಿ ಕುರ್ಚಿಯನ್ನು ಎಚ್ಚರಿಸಿತು:

"ಸ್ವಾಮಿ, ನಿಮ್ಮ ಕಾಲಿಗೆ ಗೆದ್ದಲು ಹಿಡಿದಿದೆ. ಇವತ್ತು ಯಾರನ್ನೂ ಕೂರಿಸಿಕೊಳ್ಳಬೇಡಿ!"

"ನೋಡಲು ಬಂದವರು ಇಲ್ಲಿ ಮಾತಾಡುವಂತಿಲ್ಲ," ಎಂದಿತು ಕುರ್ಚಿ. "ಆದರೂ ಸಂಶಯ ಉಳಿಯಬಾರದು, ಧ್ವನಿಮತಕ್ಕೆ ಹಾಕುತ್ತೇನೆ. ನನ್ನ ಕಾಲುಗಳು ಗಟ್ಟಿಯಾಗಿವೆ ಎನ್ನುವವರು ಹೌದು ಎನ್ನಿ."

"ಹೌದು!" ಎಂದು ಸಾವಿರ ದನಿಗಳು ಒಟ್ಟಿಗೆ ಎದ್ದವು.

"ಇಲ್ಲ ಎನ್ನುವವರು?"

ಏಡಿ ಮುಂಗಾಲುಗಳೆರಡನ್ನೂ ಎತ್ತಿ ಕೂಗಿತು: "ಇಲ್ಲ! ಆ ಹೌದು ಬಂದದ್ದು ನಿಮ್ಮ ಕಾಲಿನೊಳಗಿಂದ, ಸ್ವಾಮಿ!"

"ಸಂದರ್ಶಕರ ದನಿ ಲೆಕ್ಕಕ್ಕಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗಿದೆ," ಎಂದು ಕುರ್ಚಿ ಬೀಗಿತು. "ಇಷ್ಟು ತುಂಬಿದ ಸಭೆಯನ್ನು ನಾನು ಕಂಡೇ ಇರಲಿಲ್ಲ."

ಅಷ್ಟರಲ್ಲಿ ಗಂಟೆ ಮೊಳಗಿತು. ದಢೂತಿ ಸಭಾಧ್ಯಕ್ಷರು ಒಳಗೆ ಬಂದರು, ನಿಲುವಂಗಿ ಸರಿಪಡಿಸಿಕೊಂಡರು, ಎಂದಿನಂತೆ ಹಿಂದೆ ತಿರುಗಿಯೂ ನೋಡದೆ ಕೂರಲು ಬಾಗಿದರು.