ಸೊಸೆಯ ಕೈಯ ತುತ್ತು

ಬೆಟ್ಟದ ತಪ್ಪಲಿನ ಆ ಊರಿಗೆ ಇನ್ನೂ ಟಾರು ರಸ್ತೆ ಬಂದಿರದ ಕಾಲ. ಚರ್ಚಿನ ಹಿಂದಿದ್ದ ಹೆಂಚಿನ ಚಾವಡಿಯಲ್ಲಿ ಪೂಜ್ಯ ಮಾತೆ ಕ್ಲಾರಮ್ಮನವರು ರೋಗಿಗಳ ಸೇವೆ ಮಾಡಿಕೊಂಡಿದ್ದರು.

ಈಸ್ಟರ್ ಭಾನುವಾರಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಶುಕ್ರವಾರ ಮಧ್ಯಾಹ್ನ, ಮಾತೆಯವರು ಗಾಯಕ್ಕೆ ಕಟ್ಟುವ ಬಟ್ಟೆಗಳನ್ನು ಒಗೆಯುತ್ತಿದ್ದಾಗ ಆರೋಗ್ಯಮ್ಮ ಬಂದು ನಿಂತಳು. ಊರಿನಲ್ಲಿ ಆಕೆಯಷ್ಟು ನೇಮನಿಷ್ಠೆಯವರು ಇನ್ನೊಬ್ಬರಿರಲಿಲ್ಲ. ಚರ್ಚಿನ ಬಲಿಪೂಜೆ ತಪ್ಪಿಸಿದವಳಲ್ಲ, ಜಪಸರ ಕೈಬಿಟ್ಟವಳಲ್ಲ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಹೊತ್ತು ಮುಳುಗುವವರೆಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ.

“ಅಮ್ಮ, ಇಷ್ಟೆಲ್ಲ ಮಾಡಿದ್ರೂ ಮನಸ್ಸಿಗೆ ಸಮಾಧಾನ ಇಲ್ಲ. ಪ್ರಾರ್ಥನೆಗೆ ಕೂತ್ರೆ ಎದೆ ಕಲ್ಲಿನ ಹಾಗಿರುತ್ತೆ. ಇದಕ್ಕಿಂತ ಕಠಿಣವಾದ ವ್ರತ ಏನಾದ್ರೂ ಕೊಡಿ.”

ಮಾತೆಯವರು ಬಟ್ಟೆ ಹಿಂಡುತ್ತಲೇ ಕೇಳಿದರು: “ನಿನ್ನ ಸೊಸೆ ಹೇಗಿದ್ದಾಳೆ?”

ಆರೋಗ್ಯಮ್ಮನ ಮುಖ ಗಂಟಾಯಿತು. ಮಗ ಮೆಚ್ಚಿ ತಂದ ಪಿಲೋಮಿನ ಕೆಳಗಿನ ಬೀದಿಯವಳು. ಎಲ್ಲರೂ ಒಂದೇ ಶಿಲುಬೆಗೆ ಕೈಮುಗಿಯುವವರಾದರೂ ಕುಲದ ಮಾತು ಬಂದಾಗ ಮೇಲಿನ ಬೀದಿಯವರು ಆ ಬೀದಿಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ಒಂದೇ ಸೂರಿನಡಿ ಎರಡು ಒಲೆಗಳು ಉರಿಯುತ್ತಿದ್ದವು.

“ಅವಳ ಮಾತ್ಯಾಕೆ ಬಿಡಿ ಅಮ್ಮ.”

“ಈಗಲೇ ಹೋಗಿ ಅವಳ ಕೈಯಿಂದ ಉಣ್ಣು. ಅದೇ ನಿನ್ನ ವ್ರತ.”

“ಅಯ್ಯೋ, ಉಪವಾಸ ಮುರಿಯುತ್ತಲ್ಲ!”

“ಮುರಿಯಲಿ. ನೀನು ಹೊಟ್ಟೆ ಬರಿದು ಮಾಡಿಕೊಂಡೆ ತಾಯಿ, ಎದೆ ಇನ್ನೂ ತುಂಬಿಕೊಂಡೇ ಇದೆ. ಸ್ವಾಮಿ ಎಲ್ಲಿ ಕೂರಬೇಕು?”

ಆರೋಗ್ಯಮ್ಮ ದಾರಿಯುದ್ದಕ್ಕೂ ಕುದಿದಳು. ನೇಮ ಕಲಿಸಬೇಕಾದವರೇ ಮುರಿ ಎನ್ನುವುದೇ? ಆದರೂ ಆ ಕೊನೆಯ ಮಾತು ಬೆನ್ನು ಬಿಡಲಿಲ್ಲ.

ಮನೆಯಲ್ಲಿ ಪಿಲೋಮಿನ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಅತ್ತೆಯನ್ನು ಕಂಡವಳೇ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿ, ಕದ್ದು ಸಿಕ್ಕಿಬಿದ್ದವಳಂತೆ ಎದ್ದು ನಿಂತಳು. ಆ ಬೆದರಿದ ಕಣ್ಣು ನೋಡಿ ಆರೋಗ್ಯಮ್ಮನ ಒಳಗೇನೋ ಕುಸಿಯಿತು. ಆಕೆ ಅಲ್ಲೇ ನೆಲದ ಮೇಲೆ ಕುಳಿತಳು.

“ಹಸಿವಾಗಿದೆ ಕಣವ್ವ. ನನಗೂ ಒಂದು ತುತ್ತು ಹಾಕು.”

“ಇವತ್ತು ಶುಕ್ರವಾರ ಅತ್ತೆ… ಅದೂ, ನಾನು ಮಾಡಿದ್ದು…”

“ಗೊತ್ತು. ಹಾಕು.”

ಹುಡುಗಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಕೈ ಚಾಚಿದಳು. ಆರೋಗ್ಯಮ್ಮ ಆ ಕೈಯನ್ನು ಹಿಡಿದುಕೊಂಡು, ಮದುವೆಯಾದ ಮೇಲೆ ಮೊದಲ ಬಾರಿಗೆ ಸೊಸೆಯನ್ನು ಹೆಸರು ಹಿಡಿದು ಕರೆದಳು. ಇಬ್ಬರೂ ಅತ್ತರು, ಇಬ್ಬರೂ ಉಂಡರು. ಆ ಸಂಜೆಯೇ ಒಂದು ಒಲೆಯನ್ನು ಕಿತ್ತುಹಾಕಿದರು.

ಮಾತೆಯವರು ದೈವಾಧೀನರಾಗಿ ಎಷ್ಟೋ ವರ್ಷಗಳಾದವು. ಆ ಚಾವಡಿಯೂ ಈಗಿಲ್ಲ. ಮುಪ್ಪಿನಲ್ಲಿ ಆರೋಗ್ಯಮ್ಮ ಪಿಲೋಮಿನಳ ಭುಜ ಹಿಡಿದು ಚರ್ಚಿಗೆ ಬರುತ್ತಿದ್ದಳು. ತಪಸ್ಸುಕಾಲ ಬಂತೆಂದರೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಈ ಕಥೆಯನ್ನೇ ಹೇಳುತ್ತಿದ್ದಳು: “ಆ ವರ್ಷ ನಮ್ಮ ಮನೆಗೆ ಈಸ್ಟರ್ ಹಬ್ಬ ಶುಕ್ರವಾರವೇ ಬಂದುಬಿಡ್ತು ಕಣ್ರೋ!”